ನೋಟ್ಸ್ ಕೊಟ್ಟವರು ನಾವೇ ಅಲ್ಲವೇ?

ಭಾನುವಾರ ಬೆಳಗಿನ ಹೊತ್ತು ಮನೆಗೆ ಯಾರಾದರೂ ಬಂದರೆ ನನಗೆ ಒಳಗೊಳಗೇ ಇರಿಸುಮುರಿಸು. ಸೊಪ್ಪು ಬಿಡಿಸುವುದು, ವಾರದ ಬಟ್ಟೆಗೆ ಇಸ್ತ್ರಿ, ಹತ್ತನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು, ಎಲ್ಲವೂ ನನ್ನನ್ನೇ ಕಾಯುತ್ತಿರುತ್ತವೆ. ಆದರೆ ಅಣ್ಣನ ಮಗಳು ಬಂದರೆ ಆ ಲೆಕ್ಕವೇ ಬೇರೆ. ಅವಳೂ ನನ್ನ ಹಾಗೆ ಪಾಠ ಹೇಳುವವಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಹೆಸರಿಗೆ ಅತಿಥಿ, ಉಪಚಾರವೇನೂ ಇಲ್ಲ. ಕಳೆದ ವರ್ಷದ ಒಂದು ಭಾನುವಾರ ಬಸವೇಶ್ವರನಗರದ ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿ ಹೂವೂ ಇರಲಿಲ್ಲ, ಹಣ್ಣೂ ಇರಲಿಲ್ಲ. ಒಂದು ಚೀಲದ ತುಂಬ ವಿದ್ಯಾರ್ಥಿಗಳ ಅಸೈನ್‌ಮೆಂಟುಗಳಿದ್ದವು.

"ಅತ್ತೆ, ನಾನು ಈ ಕೆಲಸ ಬಿಟ್ಟುಬಿಡ್ತೀನಿ," ಎಂದಳು, ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮುಂಚೆಯೇ.

ಏನಾಯಿತೆಂದು ಕೇಳಿದರೆ ಚೀಲವನ್ನು ದಿವಾನದ ಮೇಲೆ ಸುರಿದಳು. "62 ಜನ ಇದಾರೆ ಕ್ಲಾಸಲ್ಲಿ. ನಾನು ಮಾತಾಡ್ತಿದ್ರೆ ಎಲ್ಲರ ತಲೆನೂ ಕೆಳಗೆ. ಏನೋ ಬರ್ಕೋತಿದಾರೆ ಅಂತ ಅಂದ್ಕೋಬೇಕು, ಡೆಸ್ಕಿನ ಕೆಳಗೆ ಮೊಬೈಲು. ಈಗ ಇದು ನೋಡಿ. ಒಂದೇ ಉತ್ತರ, ಒಂದೇ ಮಾತು. ಹದಿನೇಳು ಜನ 'ಇಂದಿನ ಆಧುನಿಕ ಯುಗದಲ್ಲಿ' ಅಂತ್ಲೇ ಶುರು ಮಾಡಿದಾರೆ. ಎಲ್ಲ ಆ ಚಾಟ್‌ಜಿಪಿಟಿ ಮಹಿಮೆ. ಹದಿನೇಳು ಜನಕ್ಕೂ ಸೊನ್ನೆ ಹಾಕ್ತೀನಿ."

ಅವಳು ಕೊಟ್ಟಿದ್ದ ಪ್ರಶ್ನೆ ಹೀಗಿತ್ತು: ಮಹಿಳಾ ಸಬಲೀಕರಣದಲ್ಲಿ ಸ್ವಸಹಾಯ ಸಂಘಗಳ ಪಾತ್ರವನ್ನು ವಿವರಿಸಿ. ನಾನು ಒಂದೆರಡು ಹಾಳೆ ತಿರುವಿದೆ. ಅಕ್ಷರ ದುಂಡಗಿತ್ತು, ಉಪಶೀರ್ಷಿಕೆಗಳಿಗೆ ಕೆಂಪು ಶಾಯಿಯ ಅಡಿಗೆರೆ ಇತ್ತು, ಮಾತುಗಳು ನುಣ್ಣಗಿದ್ದವು. ತಪ್ಪು ಎನ್ನುವಂಥದ್ದು ಒಂದೂ ಇರಲಿಲ್ಲ. ಯಾರೋ ಕಂಡದ್ದು, ಕೇಳಿದ್ದು, ಅನುಭವಿಸಿದ್ದು ಎನ್ನುವಂಥದ್ದೂ ಒಂದು ಇರಲಿಲ್ಲ. ಮೂರನೆಯ ಹಾಳೆಯ ಮೇಲಿನ ಹೆಸರು ನೋಡಿ ನನ್ನ ಕೈ ನಿಂತಿತು. ಅವಳು ನಾಲ್ಕು ವರ್ಷದ ಹಿಂದೆ ಹತ್ತನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಪ್ರಥಮ ಭಾಷೆ ಕನ್ನಡಕ್ಕೆ 125ಕ್ಕೆ 119 ತೆಗೆದು, ನನಗೆ ಸ್ಟಾಫ್ ರೂಮಿನಲ್ಲಿ ಎರಡು ದಿನ ತಲೆಯೆತ್ತಿ ಓಡಾಡುವಂತೆ ಮಾಡಿದ್ದ ಹುಡುಗಿ.

"ಸೊನ್ನೆ ಹಾಕೋದು ಎಲ್ಲೂ ಓಡಿಹೋಗಲ್ಲ. ಒಂದು ವಾರ ತಡಿ," ಎಂದೆ. ಅವಳಿಗಾಗಿ ಅಂದೆನೋ, ಆ ಹುಡುಗಿಗಾಗಿ ಅಂದೆನೋ, ಆಗ ನನಗೂ ತಿಳಿದಿರಲಿಲ್ಲ.

ಆ ಹುಡುಗಿ ಸಂಜೆ ಹೊತ್ತು ಪವಿತ್ರ ಪ್ಯಾರಡೈಸ್ ಬಸ್ ನಿಲ್ದಾಣದ ಹತ್ತಿರದ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಬಿಲ್ ಹಾಕುವ ಕೆಲಸ ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಬ್ಲೌಸ್ ಪೀಸಿಗೆ ಲೈನಿಂಗ್ ಬೇಕೆಂಬ ನೆಪ ಮಾಡಿಕೊಂಡು ಹೋದೆ. "ಮಿಸ್, ಚೆನ್ನಾಗಿದೀರಾ?" ಎಂದು ಹಳೆಯ ಅಕ್ಕರೆಯಿಂದಲೇ ಎದ್ದು ನಿಂತಳು. ಅಂಗಡಿಯಲ್ಲಿ ಜನ ಕಡಿಮೆಯಾದಾಗ ಮೆಲ್ಲಗೆ ವಿಷಯ ತೆಗೆದೆ. ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಲೇಸಿನ ಸುರುಳಿಯನ್ನು ಸುತ್ತುತ್ತ ನಿಂತಿದ್ದು, ಆಮೇಲೆ ತಲೆ ತಗ್ಗಿಸಿಯೇ ಹೇಳಿದಳು:

"ಮಿಸ್, ತಪ್ಪು ತಿಳ್ಕೋಬೇಡಿ. ಹತ್ತನೇ ಕ್ಲಾಸಲ್ಲಿ ನೀವು ನೋಟ್ಸ್ ಹೇಳ್ತಿದ್ರಿ, ನಾನು ಬರ್ಕೋತಿದ್ದೆ. ಪರೀಕ್ಷೇಲಿ ಅದನ್ನೇ ಬರೆದೆ. 119 ಬಂತು. ಎಲ್ಲರೂ ಜಾಣೆ ಅಂದ್ರು. ಈಗ ಮೊಬೈಲ್ ಹೇಳುತ್ತೆ, ನಾನು ಬರ್ಕೋತೀನಿ. ಆವಾಗ ಜಾಣೆ, ಈವಾಗ ಕಳ್ಳಿ. ಹೆಂಗೆ ಮಿಸ್?"

ಅವಳ ದನಿಯಲ್ಲಿ ಉದ್ಧಟತನವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ನಾನು ಲೈನಿಂಗಿನ ದುಡ್ಡು ಕೊಟ್ಟು ಹೊರಗೆ ಬಂದೆ. ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕಾಲೇಜಿನ ದಿನಗಳು ನೆನಪಾದವು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಿ.ಎ. ಓದುತ್ತಿದ್ದಾಗ ಒಬ್ಬ ಉಪನ್ಯಾಸಕರು ಅಂಚು ಮುರಿದ ಹಳದಿ ಹಾಳೆಗಳನ್ನು ಹಿಡಿದು ಬರುತ್ತಿದ್ದರು. ಅವರು ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಅಲ್ಪವಿರಾಮ, ಪೂರ್ಣವಿರಾಮ ಕೂಡ ಹೇಳಿ ಬರೆಸುತ್ತಿದ್ದರು. ನನಗಿಂತ ಮೂರು ವರ್ಷ ಹಿರಿಯಳಾದ ನಮ್ಮ ಬೀದಿಯ ಹುಡುಗಿಯ ನೋಟ್ಸ್ ಪುಸ್ತಕ ತಂದು ನೋಡಿದರೆ ಅಕ್ಷರಶಃ ಅದೇ. ಆಮೇಲೆ ನಾನು ತರಗತಿಗೆ ಹೋಗುವುದನ್ನೇ ಕಡಿಮೆ ಮಾಡಿ ಆ ಪುಸ್ತಕ ಓದಿ ಪಾಸಾದೆ. ಆಗ ಮೊಬೈಲ್ ಇರಲಿಲ್ಲ. ಆದರೂ ನಾವು ಮೈಯಿಂದ ತರಗತಿಯಲ್ಲಿದ್ದು ಮನಸ್ಸಿನಿಂದ ಎಲ್ಲೆಲ್ಲೋ ಇರುತ್ತಿದ್ದೆವು. ಕಿಟಕಿಯಾಚೆ ನೋಡುವುದು, ಡೆಸ್ಕಿನ ಕೆಳಗೆ ಕಾದಂಬರಿ ಓದುವುದು ನಮಗೂ ಬರುತ್ತಿತ್ತು. ಅದಕ್ಕೆ ಯಾರೂ ನಮ್ಮನ್ನು 'ಕಾದಂಬರಿ ಪೀಳಿಗೆ' ಎಂದು ಕರೆಯಲಿಲ್ಲ.

ಅಂಥ ತರಗತಿಯಿಂದ ಹೊರಬಂದ ನಾನು ಬಿ.ಎಡ್. ಮಾಡಿ ಶಿಕ್ಷಕಿಯಾದೆ. ಬಿ.ಎಡ್.ನಲ್ಲಿ ಮಗುವಿನ ಮನಸ್ಸು, ಚಟುವಟಿಕೆ, ಪ್ರಶ್ನೋತ್ತರ ವಿಧಾನ ಎಲ್ಲವನ್ನೂ ಓದಿದ್ದೆ. ಪಾಠಯೋಜನೆಯನ್ನು ಚೆಂದವಾಗಿ ಬರೆದು ಮೆಚ್ಚುಗೆಯನ್ನೂ ಪಡೆದಿದ್ದೆ. ಶಾಲೆಗೆ ಬಂದ ಎರಡನೆಯ ವರ್ಷಕ್ಕೇ ಹತ್ತನೇ ತರಗತಿಯ ಫಲಿತಾಂಶದ ಭಯ ಹತ್ತಿ ಅದೇ ಹಳದಿ ಹಾಳೆಗಳ ದಾರಿ ಹಿಡಿದೆ. ನನ್ನ ನೋಟ್ಸು ಹಾವನೂರು ಸರ್ಕಲ್ಲಿನ ಜೆರಾಕ್ಸ್ ಅಂಗಡಿಯವರೆಗೆ ಹೆಸರು ಮಾಡಿತು. ಬೇರೆ ಶಾಲೆಯ ಮಕ್ಕಳೂ ಪ್ರತಿ ಮಾಡಿಸಿಕೊಳ್ಳುತ್ತಿದ್ದರು. ಅದನ್ನು ಹೆಮ್ಮೆಯಿಂದ ನಮ್ಮ ಮನೆಯವರ ಹತ್ತಿರ ಹೇಳಿಕೊಂಡದ್ದೂ ಉಂಟು. ಈಗ ಅನ್ನಿಸುತ್ತದೆ: ಉತ್ತರವೆಂದರೆ ಬೇರೆ ಎಲ್ಲಿಂದಲೋ ಬರುವ ವಸ್ತು, ಅದನ್ನು ದುಂಡಗೆ ಇಳಿಸುವುದಷ್ಟೇ ವಿದ್ಯಾರ್ಥಿಯ ಕೆಲಸ ಎಂದು ಆ ಹುಡುಗಿಗೆ ಕಲಿಸಿದವಳು ನಾನೇ. ಯಂತ್ರ ಬಂದದ್ದು ಆಮೇಲೆ.

ಈ ಮಾತನ್ನು ನಾನು ಬರೀ ಪಶ್ಚಾತ್ತಾಪದಿಂದ ಹೇಳುತ್ತಿಲ್ಲ. ಈಚೆಗೆ ಎಲ್ಲ ಕಡೆ ಒಂದು ಮಾತು ಕೇಳಿಬರುತ್ತಿದೆ: ಈಗಿನ ಮಕ್ಕಳು ತಂತ್ರಜ್ಞಾನದಲ್ಲೇ ಹುಟ್ಟಿ ಬೆಳೆದವರು, ಆದ್ದರಿಂದ ಕಾಲೇಜಿನ ಪಾಠವೂ ತಂತ್ರಜ್ಞಾನಮಯವಾಗಬೇಕು. ಸಭೆಗಳಲ್ಲಿ, ತರಬೇತಿಗಳಲ್ಲಿ, ಕಾಲೇಜುಗಳ ಜಾಹೀರಾತುಗಳಲ್ಲಿ ಇದೇ ಮಾತು. ಈ ಮಾತಿನ ಮೊದಲರ್ಧವನ್ನೂ ಎರಡನೆಯ ಅರ್ಧವನ್ನೂ ಸ್ವಲ್ಪ ತಿಕ್ಕಿ ನೋಡಬೇಕೆಂದು ನನ್ನ ಆಸೆ.

ಮೊದಲರ್ಧಕ್ಕೆ ಬರೋಣ. 2001ರಲ್ಲಿ ಅಮೆರಿಕದ ಮಾರ್ಕ್ ಪ್ರೆನ್ಸ್ಕಿ ಎಂಬ ಲೇಖಕರು ಒಂದು ಲೇಖನದಲ್ಲಿ ಮಕ್ಕಳನ್ನು ಡಿಜಿಟಲ್ ನಾಡಿನ ಮೂಲನಿವಾಸಿಗಳೆಂದೂ ನಮ್ಮಂಥ ಹಿರಿಯರನ್ನು ಅಲ್ಲಿಗೆ ವಲಸೆ ಹೋದವರೆಂದೂ ಕರೆದರು. ಮಾತು ಚೆನ್ನಾಗಿತ್ತು, ಹಬ್ಬಿತು. ಆದರೆ ನೀವೇ ಹೇಳಿ, ನಿಮ್ಮ ಮನೆಯ ಮಗನಿಗೋ ಮಗಳಿಗೋ ರೀಲ್ಸ್ ನೋಡಲು, ಫೋಟೋ ಕಳಿಸಲು ಬರುವಷ್ಟು ಸುಲಭವಾಗಿ ಒಂದು ಅರ್ಜಿಯನ್ನು ಸರಿಯಾಗಿ ತುಂಬಲು, ಬಂದ ಸುದ್ದಿ ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಬರುತ್ತದೆಯೇ? ನನ್ನ ಅಣ್ಣನ ಮಗಳ ವಿದ್ಯಾರ್ಥಿಗಳು ಕಾಲೇಜಿನ ಪ್ರವೇಶಾತಿ, ಪರೀಕ್ಷಾ ಶುಲ್ಕದ ಅರ್ಜಿ ತುಂಬಲು ಈಗಲೂ ಸೈಬರ್ ಅಂಗಡಿಗೆ ಹೋಗಿ ದುಡ್ಡು ಕೊಡುತ್ತಾರಂತೆ. ನೀರಿನ ಪಕ್ಕದಲ್ಲಿ ಹುಟ್ಟಿದ ಮಾತ್ರಕ್ಕೆ ಈಜು ಬರುವುದಿಲ್ಲ. ಇದು ಗೊತ್ತಿದ್ದುದರಿಂದಲೇ ಇರಬೇಕು, ನಮ್ಮ ರಾಜ್ಯದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ಪದವಿ ತರಗತಿಗಳು ಆರಂಭವಾದಾಗ ಮೊದಲ ವರ್ಷದವರಿಗೆ 'ಡಿಜಿಟಲ್ ಫ್ಲೂಯೆನ್ಸಿ' ಎಂಬ ವಿಷಯವನ್ನೇ ಇಟ್ಟರು. ಹುಟ್ಟಿನಿಂದಲೇ ಬಲ್ಲವರಾಗಿದ್ದರೆ ಅದನ್ನು ಕಲಿಸುವ ಅಗತ್ಯವೇನಿತ್ತು? 2024ರಲ್ಲಿ ರಾಜ್ಯ ಆ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಬದಲಾಯಿತು, ಮತ್ತೆ ಬದಲಾಯಿತು. ಪಾಠ ಹೇಳುವ ಬಗೆ ಬದಲಾಯಿತೇ ಎಂಬುದೇ ನನ್ನ ಪ್ರಶ್ನೆ.

ಎರಡನೆಯ ಅರ್ಧ, ಪಾಠಕ್ಕೆ ಯಂತ್ರ ಬೇಕೆಂಬುದು, ತುಂಬ ಹಳೆಯ ಆಸೆ. ಇನ್ನು ಕೆಲವೇ ವರ್ಷಗಳಲ್ಲಿ ಶಾಲೆಗಳಲ್ಲಿ ಪುಸ್ತಕಗಳೇ ಬೇಕಾಗುವುದಿಲ್ಲ, ಎಲ್ಲವನ್ನೂ ಸಿನಿಮಾದಿಂದ ಕಲಿಸಬಹುದು ಎಂದು ಎಡಿಸನ್ 1913ರಲ್ಲೇ ಭವಿಷ್ಯ ನುಡಿದಿದ್ದರು. ನಮ್ಮ ನಾಡಿನಲ್ಲೂ ಇಂಥ ಪ್ರಯೋಗಗಳಿಗೆ ಬರವಿಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನದ ಪಾಠ ಬಂತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ವಿದ್ಯುತ್ತಿನ ಮುಖವನ್ನೇ ಸರಿಯಾಗಿ ಕಾಣದ ಊರುಗಳ ಮಕ್ಕಳು ಬೆಳಗಿನ ಹೊತ್ತು ಟಿ.ವಿ. ಮುಂದೆ ಕುಳಿತರು. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಲೇಜು ವಿದ್ಯಾರ್ಥಿಗಳಿಗಾಗಿ ದೂರದರ್ಶನದಲ್ಲಿ ಪಾಠ ಆರಂಭಿಸಿತು. ನಾನು ಪದವಿಯಲ್ಲಿದ್ದಾಗ ಮಧ್ಯಾಹ್ನ ಅದು ಬರುತ್ತಿತ್ತು. ಇಂಗ್ಲಿಷಿನಲ್ಲಿ ಯಾರೋ ಕೋಟು ತೊಟ್ಟವರು ಮಾತಾಡುತ್ತಿದ್ದರು, ನಮ್ಮಮ್ಮ ಅದರ ಮುಂದೆ ಕುಳಿತು ಅಕ್ಕಿ ಆರಿಸುತ್ತಿದ್ದರು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. ನಮ್ಮ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠಗಳ ಪ್ರಯೋಗ ನಡೆಯಿತು. 2021ರ ಜೂನಿನಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಯೋಜನೆ ಬಂತು.

ಇವು ಯಾವುವೂ ಕೆಟ್ಟದ್ದಲ್ಲ. ಕೊರೊನಾ ಕಾಲದಲ್ಲಿ ಟ್ಯಾಬ್ ಸಿಕ್ಕ ಬಡ ಹುಡುಗಿಗೆ ಅದರ ಬೆಲೆ ಗೊತ್ತು. ನಾನು ದೂರುವುದು ಬೇರೆ. ಪ್ರತಿ ಸಲವೂ ನಾವು ಮಾಡಿದ್ದು ಒಬ್ಬರು ಹೇಳುವುದನ್ನು ಇನ್ನಷ್ಟು ದೂರಕ್ಕೆ, ಇನ್ನಷ್ಟು ಜನಕ್ಕೆ, ಇನ್ನಷ್ಟು ಬಣ್ಣದಲ್ಲಿ ಕೇಳಿಸಿದ್ದು. ಹೇಳುವವರು ಹೇಳುತ್ತಲೇ ಇದ್ದರು, ಕೇಳುವವರು ಕೇಳುತ್ತಲೇ ಇದ್ದರು. ಹಳದಿ ಹಾಳೆ ಹೋಗಿ ಪಿಪಿಟಿ ಬಂತು. ಈಗ ಪಿಪಿಟಿಯನ್ನೇ ವಾಟ್ಸಾಪಿಗೆ ಹಾಕಿಬಿಡುತ್ತಾರೆ, ಆದ್ದರಿಂದ ಬರೆದುಕೊಳ್ಳುವ ಶ್ರಮವೂ ಉಳಿಯಿತು. ತರಗತಿಗೆ ಹೋಗುವ ಕಾರಣವೂ ಹೋಯಿತು. ಹಳೆಯ ಒಲೆಗೆ ಹೊಸ ಬಣ್ಣ ಬಳಿದರೆ ಅಡುಗೆಯ ರುಚಿ ಬದಲಾಗುತ್ತದೆಯೇ?

ನಿಜವಾಗಿ ಪಾಠದ ಬಗೆಯನ್ನೇ ಬದಲಾಯಿಸಿದವರು ಯಂತ್ರದಿಂದ ಆರಂಭಿಸಲಿಲ್ಲ ಎಂಬುದು ನನಗೆ ಕುತೂಹಲ ತಂದಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ ಚೆನ್ನಾಗಿ ಪಾಠ ಮಾಡುತ್ತಾರೆಂದು ಹೆಸರು ಪಡೆದಿದ್ದವರು. ತಮ್ಮ ವಿದ್ಯಾರ್ಥಿಗಳು ಕಷ್ಟದ ಲೆಕ್ಕಗಳನ್ನು ಸೂತ್ರ ಹಾಕಿ ಬಿಡಿಸುತ್ತಾರೆ, ಆದರೆ ದಿನನಿತ್ಯದ ಮಾತಿನಲ್ಲಿ ಕೇಳಿದ ಸರಳ ಪ್ರಶ್ನೆಗೆ ತಡವರಿಸುತ್ತಾರೆ ಎಂಬುದು ಅವರ ಗಮನಕ್ಕೆ ಬಂತು. 1991ರ ಸುಮಾರಿಗೆ ಅವರು ಪಾಠದ ನಡುವೆ ನಿಲ್ಲಿಸಿ ಒಂದು ಪ್ರಶ್ನೆ ಹಾಕತೊಡಗಿದರು. ಮೊದಲು ಪ್ರತಿಯೊಬ್ಬರೂ ತಮ್ಮ ಉತ್ತರ ನಿರ್ಧರಿಸಬೇಕು, ಆಮೇಲೆ ಪಕ್ಕದವರಿಗೆ ಅದನ್ನು ವಿವರಿಸಿ ಒಪ್ಪಿಸಬೇಕು, ಆಮೇಲೆ ಮತ್ತೊಮ್ಮೆ ಕೈಯೆತ್ತಬೇಕು. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಪ್ರಶ್ನೆ ಮತ್ತು ಪಕ್ಕದಲ್ಲೊಬ್ಬ ಸ್ನೇಹಿತೆ, ಅಷ್ಟೇ. ಆಮೇಲೆ 2007ರಲ್ಲಿ ಅಮೆರಿಕದ ಕೊಲರಾಡೊದ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರದ ಮೇಷ್ಟ್ರು ತರಗತಿ ತಪ್ಪಿಸಿಕೊಂಡ ಮಕ್ಕಳಿಗಾಗಿ ಪಾಠವನ್ನು ರೆಕಾರ್ಡ್ ಮಾಡಿ ಇಟ್ಟರು. ಹೇಳುವುದನ್ನು ಮನೆಯಲ್ಲೇ ಕೇಳಬಹುದಾದರೆ ತರಗತಿಯ ಹೊತ್ತನ್ನು ಮಕ್ಕಳ ಕೈಯಲ್ಲಿ ಕೆಲಸ ಮಾಡಿಸಲು, ಅನುಮಾನ ಕೇಳಿಸಿಕೊಳ್ಳಲು ಬಳಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಕಾಲೇಜುಗಳೂ ಇದನ್ನು ಅನುಸರಿಸಿದವು. ಈ ಇಬ್ಬರೂ ಶಾಲೆಯ ಮೇಷ್ಟ್ರೆಂಬುದು ನನಗೆ ಸ್ವಲ್ಪ ಹೆಚ್ಚಿನ ಖುಷಿ.

ಅಷ್ಟು ದೂರವೂ ಹೋಗಬೇಕಾಗಿಲ್ಲ. ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು 1995ರಲ್ಲಿ 'ನಲಿ-ಕಲಿ' ಆರಂಭಿಸಿದರು. ಕಾರ್ಡುಗಳು, ಹಾಡು, ಗುಂಪು, ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನೇ ಹತ್ತುವ ಕ್ರಮ. ಅಲ್ಲಿ ಟೀಚರ್ ಕುರ್ಚಿಯಲ್ಲಿ ಕೂರುವುದಿಲ್ಲ, ನೆಲದಲ್ಲಿ ಮಕ್ಕಳ ನಡುವೆ ಕೂರುತ್ತಾಳೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ 'ವಿದ್ಯಾಗಮ' ಬಂದದ್ದು ನಿಮಗೆ ನೆನಪಿರಬಹುದು. ಯಾರ ಮನೆಯಲ್ಲಿ ಸ್ಮಾರ್ಟ್ ಫೋನ್ ಇದೆ, ಯಾರ ಮನೆಯಲ್ಲಿ ಇಲ್ಲ ಎಂದು ಪಟ್ಟಿ ಮಾಡಿ, ಇಲ್ಲದವರ ಹತ್ತಿರಕ್ಕೆ ಶಿಕ್ಷಕರೇ ಹೋಗಿ ಗುಡಿಯ ಜಗಲಿಯಲ್ಲಿ, ಮರದಡಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅದು ಅಕ್ಟೋಬರಿನಲ್ಲಿ ನಿಂತಿತು. ಆದರೆ ಆ ಎರಡು ತಿಂಗಳಲ್ಲಿ ಅವರು ಮಾಡಿದ್ದೇ ನನ್ನ ಮಟ್ಟಿಗೆ ನಿಜವಾದ ಹೊಂದಾಣಿಕೆ. ಮಗು ಎಲ್ಲಿದೆ, ಅದರ ಕೈಯಲ್ಲಿ ಏನಿದೆ ಎಂದು ಮೊದಲು ನೋಡಿ, ಆಮೇಲೆ ಹೇಗೆ ಕಲಿಸಬೇಕೆಂದು ಯೋಚಿಸುವುದು.

ಹಾಗಾದರೆ ಮೊಬೈಲನ್ನು, ಆ ಚಾಟ್‌ಜಿಪಿಟಿಯನ್ನು ಬಾಗಿಲ ಹೊರಗೆ ಇಟ್ಟುಬಿಡೋಣವೇ? ಅದು 2022ರ ನವೆಂಬರ್ ಕೊನೆಯಲ್ಲಿ ಜನರ ಕೈಗೆ ಬಂತು. ಮರುತಿಂಗಳು ಕಳೆಯುವಷ್ಟರಲ್ಲಿ, 2023ರ ಜನವರಿಗೇ, ನಮ್ಮ ಮೈಸೂರು ರಸ್ತೆಯ ಆರ್.ವಿ. ವಿಶ್ವವಿದ್ಯಾಲಯ ತನ್ನ ಆವರಣದಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆಗಿನ ಗಾಬರಿಯಲ್ಲಿ ಅದು ಅರ್ಥವಾಗುವ ಕ್ರಮವೇ. ಬರೆಯಲು ಕಲಿಯುವ ವಯಸ್ಸಿನಲ್ಲಿ ಬೇರೆಯವರಿಂದ ಬರೆಸುವುದು ಮಗುವನ್ನು ಸೊಂಟದ ಮೇಲೆ ಹೊತ್ತೇ ನಡಿಗೆ ಕಲಿಸಿದ ಹಾಗೆ. ಆದರೆ ಕಾಲೇಜಿನ ಬಾಗಿಲಲ್ಲಿ ತಡೆದದ್ದು ಮನೆಯ ಹಾಸಿಗೆಯಲ್ಲಿ ತೆರೆದುಕೊಳ್ಳುತ್ತದೆ. ಹದಿನೇಳು ಜನರಿಗೆ ಸೊನ್ನೆ ಹಾಕಿದರೆ ಮುಂದಿನ ಸಲ ಅವರು ಮೊದಲ ವಾಕ್ಯವನ್ನು ಮಾತ್ರ ಬದಲಾಯಿಸುತ್ತಾರೆ.

ಮುಂದಿನ ಭಾನುವಾರ ಅಣ್ಣನ ಮಗಳು ಬಂದಾಗ ಇದನ್ನೆಲ್ಲ ಹೇಳಿದೆ. ಅವಳು ಸುಮ್ಮನೆ ಕೇಳಿ ಕೊನೆಗೆ ಅಂದಳು: "ಹಾರ್ವರ್ಡ್ ಎಲ್ಲ ಸರಿ ಅತ್ತೆ. ನನಗೆ 62 ಜನ, ವಾರಕ್ಕಿಷ್ಟು ಗಂಟೆ, ಮುಗಿಸಬೇಕಾದ ಸಿಲಬಸ್ಸು, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲ. ಏನು ಮಾಡ್ಲಿ ಹೇಳಿ."

ಆ ಮಾತಿನಲ್ಲಿ ಸತ್ಯವಿತ್ತು. ಹೊಸ ಬೋಧನಾ ವಿಧಾನದ ಬಗ್ಗೆ ಉಪದೇಶ ಮಾಡುವವರು ಸಾಮಾನ್ಯವಾಗಿ ಈ ಲೆಕ್ಕವನ್ನು ಹಾಕುವುದಿಲ್ಲ. ವರ್ಷದಿಂದ ವರ್ಷಕ್ಕೆ ನೇಮಕವಾಗುವವಳಿಗೆ ಪ್ರಯೋಗ ಮಾಡುವ ಧೈರ್ಯ ಎಲ್ಲಿಂದ ಬರಬೇಕು? ಟ್ಯಾಬಿಗೆ ಸುರಿದ ಹಣದಲ್ಲಿ ಒಂದು ಪಾಲು ಖಾಯಂ ಅಧ್ಯಾಪಕರಿಗೆ ಹೋಗಿದ್ದರೆ ಎಂದು ನನಗೆ ಅನ್ನಿಸದಿರುವುದಿಲ್ಲ. ಆದರೂ ಹೇಳಿದೆ: "ಸಿಲಬಸ್ ಬದಲಾಯಿಸೋದು ನಮ್ಮ ಕೈಲಿಲ್ಲ. ಪ್ರಶ್ನೆ ಬದಲಾಯಿಸೋದು ನಿನ್ನ ಕೈಲಿದೆ. ಆ ಹುಡುಗಿ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಇದಾರೆ, ಲೆಕ್ಕದ ಪುಸ್ತಕ ಬರೆಯೋದೇ ಅವರು. ಈ ಉತ್ತರದಲ್ಲಿ ಅವರ ಹೆಸರು ಎಲ್ಲಿದೆ?"

ಇಬ್ಬರೂ ಕುಳಿತು ಪ್ರಶ್ನೆಯನ್ನು ತಿದ್ದಿದೆವು. ನಿಮ್ಮ ಮನೆಯ, ಬೀದಿಯ ಅಥವಾ ಊರಿನ ಒಂದು ಸ್ವಸಹಾಯ ಸಂಘದ ಸದಸ್ಯೆಯೊಬ್ಬರನ್ನು ಮಾತಾಡಿಸಿ. ವಾರಕ್ಕೆ ಎಷ್ಟು ಉಳಿಸುತ್ತಾರೆ, ಸಾಲ ಏಕೆ ತೆಗೆದರು, ಬಡ್ಡಿ ಎಷ್ಟು, ಹೇಗೆ ತೀರಿಸಿದರು ಎಂದು ಕೇಳಿ ಲೆಕ್ಕ ಮಾಡಿ ತನ್ನಿ. ಮೊಬೈಲ್ ಬಳಸಬಹುದು, ಚಾಟ್‌ಜಿಪಿಟಿಯನ್ನೂ ಬಳಸಬಹುದು. ಎಲ್ಲಿ ಬಳಸಿದಿರಿ ಎಂದು ಬರೆಯಬೇಕು. ತರಗತಿಯಲ್ಲಿ ಎದ್ದು ನಿಂತು ಮೂರು ನಿಮಿಷ ಹೇಳಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಸೊನ್ನೆಯ ಬದಲು ಹದಿನೇಳು ಜನಕ್ಕೂ ಇದೇ ಶಿಕ್ಷೆ, ಉಳಿದವರಿಗೂ ಇದೇ ಪಾಠ.

ಎಲ್ಲರೂ ಮಾಡಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧದಷ್ಟು ಜನ ಸುಮಾರಾಗಿ ಮಾಡಿದರು, ಕೆಲವರು ಕಾಲೇಜಿಗೇ ಬರಲಿಲ್ಲ, ಒಬ್ಬ ಇಲ್ಲದ ಸಂಘವನ್ನೇ ಕಟ್ಟಿ ತಂದಿದ್ದ. ಮೂರೇ ಪ್ರಶ್ನೆಗೆ ಆ ಸಂಘ ಮುಳುಗಿತು, ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯ ಸರದಿ ಬಂದಾಗ ನಡೆದದ್ದನ್ನು ಅಣ್ಣನ ಮಗಳು ಫೋನಿನಲ್ಲಿ ಉಸಿರುಗಟ್ಟಿ ಹೇಳಿದಳು.

ಆ ಹುಡುಗಿಯ ತಾಯಿ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದವರು. ಸಂಘದಲ್ಲಿ 15 ಜನ, ವಾರಕ್ಕೆ 50 ರೂಪಾಯಿ ಉಳಿತಾಯ. ಮಗಳ ಕಾಲೇಜು ಶುಲ್ಕಕ್ಕೆಂದು ಅವರು 10,000 ರೂಪಾಯಿ ಸಾಲ ತೆಗೆದಿದ್ದರು. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, 10 ತಿಂಗಳ ಕಂತು. ತಿಂಗಳು ತಿಂಗಳು 1,000 ಅಸಲು, 200 ಬಡ್ಡಿ ಕಟ್ಟಿದ್ದಾರೆ. ಒಟ್ಟು ಬಡ್ಡಿ 2,000. ಹುಡುಗಿ ಇದನ್ನು ಮೊಬೈಲಿನಲ್ಲಿ ಪಟ್ಟಿ ಮಾಡಿಕೊಂಡು ಬಂದು ಓದಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದನಂತೆ: "ಐದು ತಿಂಗಳಾದ ಮೇಲೆ ಸಾಲ ಐದು ಸಾವಿರಾನೇ ಉಳಿದಿರೋದು. ಹತ್ತು ಸಾವಿರಕ್ಕೆ ಯಾಕೆ ಬಡ್ಡಿ ಕಟ್ತಾರೆ?"

ತರಗತಿ ನಿಶ್ಶಬ್ದವಾಯಿತಂತೆ. ಅಣ್ಣನ ಮಗಳೇ ಒಂದು ಕ್ಷಣ ತಡವರಿಸಿದಳು. ಆಮೇಲೆ ಎಲ್ಲರೂ ಸೇರಿ ಹಲಗೆಯ ಮೇಲೆ ಲೆಕ್ಕ ಹಾಕಿದರು. ಉಳಿದ ಅಸಲಿಗೆ ಮಾತ್ರ ಬಡ್ಡಿ ಎಣಿಸಿದರೆ ಮೊದಲ ತಿಂಗಳು 200, ಎರಡನೆಯ ತಿಂಗಳು 180, ಕೊನೆಯ ತಿಂಗಳು 20. ಒಟ್ಟು 1,100. ವ್ಯತ್ಯಾಸ 900 ರೂಪಾಯಿ. ಆ ಬಡ್ಡಿ ಸಂಘದ ನಿಧಿಗೇ ಸೇರುತ್ತದೆ, ಯಾವ ಸಾಹುಕಾರನ ಜೇಬಿಗೂ ಹೋಗುವುದಿಲ್ಲ ಎಂದು ಇನ್ನೊಬ್ಬಳು ವಾದಿಸಿದಳು. ಹಾಗಿದ್ದರೂ ಸಾಲ ತೆಗೆದ ಬಡವಿಯಿಂದ ಸಾಲ ಬೇಕಾಗದವಳಿಗೆ ದುಡ್ಡು ಹೋದ ಹಾಗಾಯಿತಲ್ಲ ಎಂದು ಮತ್ತೊಬ್ಬ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲವಂತೆ. 62 ತಲೆಗಳಲ್ಲಿ ಎಷ್ಟು ಮೇಲೆದ್ದಿದ್ದವೋ ಎಣಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಮೊಬೈಲುಗಳು ಡೆಸ್ಕಿನ ಕೆಳಗಿನಿಂದ ಮೇಲೆ ಬಂದಿದ್ದವು, ಲೆಕ್ಕ ಹಾಕಲು.

ಈ ಪಾಠದೊಳಗೇ ಸಿಲಬಸ್ಸಿನಲ್ಲಿದ್ದದ್ದೂ ಬಂತು. ಬೆಂಗಳೂರಿನ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಇಂಥ ಗುಂಪುಗಳನ್ನು ಬೆಳೆಸಿದ್ದು, 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕುಗಳ ಜೊತೆ ಜೋಡಿಸುವ ಪ್ರಯೋಗ ಮಾಡಿದ್ದು, 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದದ್ದು. ಇದೇ ವಿಷಯ ಹದಿನೇಳು ಅಸೈನ್‌ಮೆಂಟುಗಳಲ್ಲಿ ಮೊದಲೇ ಇತ್ತು. ಆದರೆ ಆಗ ಅದು ಯಾರಿಗೂ ಬೇಕಾಗಿರಲಿಲ್ಲ, ಬರೆದವರಿಗೂ.

ಒಂದು ತಿಂಗಳ ಮೇಲೆ ಹುಡುಗಿ ಮನೆಗೆ ಬಂದಳು. ನಾನು ಅಂದು ಮರೆತಿದ್ದ ಚಿಲ್ಲರೆ 30 ರೂಪಾಯಿ ಕೊಡಲು. ತಾಯಿಯ ಸಂಘದಲ್ಲಿ ಬಡ್ಡಿಯ ವಿಷಯ ಚರ್ಚೆಗೆ ಬಂದಿದೆ, ಇನ್ನೂ ತೀರ್ಮಾನವಾಗಿಲ್ಲ, ಇಬ್ಬರು ಸಿಟ್ಟಾಗಿದ್ದಾರೆ ಎಂದಳು. ಆಮೇಲೆ ಮೊಬೈಲ್ ತೋರಿಸುತ್ತ, "ಮಿಸ್, ಆಮೇಲೆ ಇದಕ್ಕೆ ಕೇಳಿದೆ. ಈ ಎರಡು ಥರ ಬಡ್ಡಿ ಲೆಕ್ಕ ಎಷ್ಟು ಚೆನ್ನಾಗಿ ಹೇಳ್ತು ಗೊತ್ತಾ? ಮೊದಲೇ ಕೇಳಿದ್ರೆ ಮೊದಲೇ ಹೇಳ್ತಿತ್ತು. ಕೇಳಬೇಕು ಅಂತ ನನಗೇ ಗೊತ್ತಿರಲಿಲ್ಲ," ಎಂದಳು.

ಕಾಲೇಜಿನ ಪಾಠ ಹೇಗೆ ಬದಲಾಗಬೇಕೆಂದು ನನ್ನನ್ನು ಯಾರಾದರೂ ಕೇಳಿದರೆ, ಯಾರೂ ಕೇಳುವುದಿಲ್ಲ ಬಿಡಿ, ಆ ಹುಡುಗಿಯ ಈ ಮಾತನ್ನೇ ಹೇಳಿಬಿಡುತ್ತೇನೆ. ಉತ್ತರ ಹೇಳುವ ಕೆಲಸವನ್ನು ಯಂತ್ರ ನಮಗಿಂತ ವೇಗವಾಗಿ, ಬೇಸರವಿಲ್ಲದೆ ಮಾಡುತ್ತದೆ, ಒಮ್ಮೊಮ್ಮೆ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಆದ್ದರಿಂದ ಉತ್ತರ ಬರೆಸುವ ಕೆಲಸದಲ್ಲಿ ಅದರ ಜೊತೆ ಸ್ಪರ್ಧೆಗೆ ಇಳಿಯುವುದು ವ್ಯರ್ಥ. ಕೇಳಬೇಕೆಂದು ಗೊತ್ತಾಗುವುದು ಮಾತ್ರ ಮನುಷ್ಯರ ನಡುವೆ, ತನ್ನದೇ ಬದುಕನ್ನು ಎದುರಿಗಿಟ್ಟುಕೊಂಡಾಗ, ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತಾಗ. ಅಂಥ ಹೊತ್ತನ್ನು ತರಗತಿಯಲ್ಲಿ ಉಂಟುಮಾಡುವುದೇ ಇನ್ನು ಮುಂದೆ ಅಧ್ಯಾಪಕರ ಕೆಲಸ. ಪರೀಕ್ಷೆಯೂ ಅದನ್ನು ಅಳೆಯುವಂತೆ ಬದಲಾಗಬೇಕು. ಇಲ್ಲದಿದ್ದರೆ ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಲ್ಲರೂ ಮತ್ತೆ ನೋಟ್ಸಿಗೇ ಮರಳುತ್ತಾರೆ.

ಊರಿಗೆ ಉಪದೇಶ ಹೇಳಿ ನಾನು ಸುಮ್ಮನಿದ್ದರೆ ಆದೀತೇ? ಆ ಸೋಮವಾರ ಹತ್ತನೇ ತರಗತಿಗೆ ಹೋದಾಗ ಕೈಯಲ್ಲಿ ನೋಟ್ಸ್ ಇರಲಿಲ್ಲ. ಪಾಠ ಓದಿಸಿ, ಇದರಲ್ಲಿ ನಿಮಗೆ ಒಪ್ಪಿಗೆಯಾಗದ ಒಂದು ಮಾತನ್ನು ಹುಡುಕಿ, ಏಕೆಂದು ಬರೆಯಿರಿ ಎಂದೆ. ಐದು ನಿಮಿಷ ಯಾರೂ ಪೆನ್ನು ಎತ್ತಲಿಲ್ಲ. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಗಾಬರಿಯಿಂದಲೇ ಕೇಳಿದಳು: "ಮಿಸ್, ನೋಟ್ಸ್ ಕೊಡಲ್ವಾ?"

"ಕೊಡ್ತೀನಮ್ಮ. ಮೊದಲು ನೀವು ಕೊಡಿ, ಆಮೇಲೆ ನಾನು," ಎಂದೆ. ಮಾರ್ಚಿನ ಪರೀಕ್ಷೆ ನನಗೂ ಭಯವೇ. ನೋಟ್ಸ್ ಕೊಡುವುದನ್ನು ಪೂರ್ತಿ ಬಿಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮನೆಗೆ ಬಂದು ಪುಸ್ತಕಗಳ ಕಟ್ಟು ಬಿಚ್ಚಿದೆ. ಹೆಚ್ಚಿನವು ಖಾಲಿ, ಕೆಲವು ಪಕ್ಕದವರ ಪುಸ್ತಕದ ನಕಲು. ಒಬ್ಬ ಹುಡುಗ ಮಾತ್ರ ಮೂರು ಸಾಲು ಬರೆದಿದ್ದ. ಎರಡು ಕಡೆ ಒತ್ತಕ್ಷರ ತಪ್ಪಿತ್ತು, ವಾಕ್ಯ ಅರ್ಧಕ್ಕೇ ನಿಂತಿತ್ತು. ಆದರೆ ಅಂಥ ಮಾತನ್ನು ನನ್ನ ಇಷ್ಟು ವರ್ಷದ ನೋಟ್ಸಿನಲ್ಲಿ ನಾನು ಎಲ್ಲೂ ಬರೆಸಿರಲಿಲ್ಲ. ಒತ್ತಕ್ಷರ ತಿದ್ದುವುದನ್ನು ಆಮೇಲಿಗೆ ಇಟ್ಟುಕೊಂಡು ಅದನ್ನು ಎರಡು ಸಲ ಓದಿದೆ.